ಮೂರು ಭಾಷೆಯ ಹಲಗೆ

(ಕಷ್ಟ, ನಿಂದೆ ಮತ್ತು ಕ್ರೈಸ್ತ ವಿಶ್ವಾಸ: ಪಂಡಿತಾ ರಮಾಬಾಯಿಯವರ ಬದುಕನ್ನು ಮುಂದಿಟ್ಟುಕೊಂಡು ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಉಪನ್ಯಾಸಕ್ಕೆ ಕರೆದವರು ವಿಷಯವನ್ನೂ ಕೊಟ್ಟಿದ್ದರು: ಕಷ್ಟ ಮತ್ತು ಅಪಹಾಸ್ಯದ ನಡುವೆ ವಿಶ್ವಾಸ ಬೆಳೆಯುವುದು ಹೇಗೆ? ಒಪ್ಪಿಕೊಂಡ ಮೇಲೆ ನನಗೆ ಅಂಜಿಕೆಯಾಯಿತು. ಹೊಟ್ಟೆ ತುಂಬಿದವನು ಫ್ಯಾನಿನ ಕೆಳಗೆ ನಿಂತು ಕಷ್ಟದ ಮಹಿಮೆ ಹೇಳುವುದಕ್ಕಿಂತ ಅಗ್ಗದ ಕೆಲಸ ಇನ್ನೊಂದಿಲ್ಲ. ಸಾವಿನ ಮನೆಯಲ್ಲಿ, ಆಸ್ಪತ್ರೆಯ ಮಂಚದ ಪಕ್ಕದಲ್ಲಿ, "ದೇವರು ನಿಮ್ಮನ್ನು ಪರೀಕ್ಷೆ ಮಾಡ್ತಾ ಇದ್ದಾನೆ, ಅಷ್ಟೇ" ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ನಾನೂ ಒಮ್ಮೆ ಹಾಗೆ ಹೇಳಿದ್ದೇನೆ. ಆ ಮನೆಯ ಹೆಂಗಸು ನನ್ನ ಮುಖ ನೋಡಿ ಸುಮ್ಮನೆ ಎದ್ದು ಒಳಗೆ ಹೋದರು. ಆ ಮೌನ ಇವತ್ತಿಗೂ ನನಗೆ ಪಾಠ. ಹಾಗಾಗಿ ತತ್ತ್ವವನ್ನು ಆದಷ್ಟು ಬದಿಗಿಟ್ಟು, ನಿಜವಾಗಿ ಹಸಿದ, ನಿಜವಾಗಿ ನಿಂದೆ ಉಂಡ ಒಬ್ಬ ಹೆಣ್ಣುಮಗಳ ಬದುಕನ್ನು ಹಿಡಿದು ಮಾತಾಡುತ್ತೇನೆ. ಆಕೆ ಹುಟ್ಟಿದ್ದು ನಮ್ಮದೇ ಘಟ್ಟದಲ್ಲಿ.

1. ಹಲಗೆಯ ಮೇಲಿನ ನಗೆ

ಅದಕ್ಕೆ ಮೊದಲು ಒಂದು ಹಲಗೆಯ ಮಾತು. ಯೇಸುವನ್ನು ಶಿಲುಬೆಗೆ ಏರಿಸಿದಾಗ ಆತನ ತಲೆಯ ಮೇಲೆ ಪಿಲಾತ ಒಂದು ಬರಹ ಹಾಕಿಸಿದ. ಇವನು ಯೆಹೂದ್ಯರ ಅರಸನು ಎಂಬ ಅರ್ಥದ ಮಾತು. ಯೋಹಾನನ ಸುವಾರ್ತೆ ಒಂದು ವಿವರವನ್ನು ಬಿಡದೆ ದಾಖಲಿಸುತ್ತದೆ: ಬರಹ ಮೂರು ಭಾಷೆಯಲ್ಲಿತ್ತು, ಇಬ್ರಿಯ, ಲ್ಯಾಟಿನ್ ಮತ್ತು ಗ್ರೀಕ್. ದಾರಿಹೋಕರಲ್ಲಿ ಯಾರಿಗೂ ಅರ್ಥವಾಗದೆ ಉಳಿಯಬಾರದು ಎಂಬ ಕಾಳಜಿ ಅದು! ಸೈನಿಕರು ಮುಳ್ಳಿನ ಕಿರೀಟ ತೊಡಿಸಿ, ಕೆನ್ನೀಲಿ ಬಣ್ಣದ ಬಟ್ಟೆ ಹೊದಿಸಿ, ಮೊಣಕಾಲೂರಿ ಜಯಕಾರ ಹಾಕಿ ನಕ್ಕರು. ಕ್ರೈಸ್ತ ಧರ್ಮದ ನಡುಮನೆಯಲ್ಲೇ ಹೀಗೆ ಒಂದು ಅಪಹಾಸ್ಯ ಕೂತಿದೆ.

ಆ ನಗೆ ಅಲ್ಲಿಗೆ ನಿಲ್ಲಲಿಲ್ಲ. ಅಥೇನ್ಸಿನಲ್ಲಿ ಪುನರುತ್ಥಾನದ ಮಾತೆತ್ತಿದ ಪೌಲನನ್ನು ಪಂಡಿತರು ಗೇಲಿ ಮಾಡಿದರು. ಅತಿ ಓದು ನಿನ್ನ ತಲೆ ಕೆಡಿಸಿದೆ ಎಂದು ಫೆಸ್ತ ಅಧಿಕಾರಿ ಕೂಗಿದ. ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ 1857ರಲ್ಲಿ ಹಳೆಯ ಗೋಡೆಯೊಂದರ ಮೇಲೆ ಗೀಚಿದ ಚಿತ್ರ ಸಿಕ್ಕಿತು. ಸುಮಾರು 1,800 ವರ್ಷ ಹಿಂದಿನದು. ಶಿಲುಬೆಯ ಮೇಲೆ ಕತ್ತೆಯ ತಲೆಯ ಮನುಷ್ಯ, ಕೆಳಗೆ ಕೈಯೆತ್ತಿ ನಿಂತ ಒಬ್ಬ ಹುಡುಗ. ಅಲೆಕ್ಸಾಮೆನೋಸ್ ಎಂಬವನು ತನ್ನ ದೇವರನ್ನು ಪೂಜಿಸುತ್ತಿದ್ದಾನೆಂದು ಪಕ್ಕದಲ್ಲಿ ಗ್ರೀಕಿನಲ್ಲಿ ಬರೆದಿದೆ. ನಮ್ಮ ಶಾಲೆಗಳ ಶೌಚಾಲಯದ ಗೋಡೆಯ ಬರಹಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ. ಶಿಲುಬೆಯ ಚಿತ್ರಗಳಲ್ಲಿ ನಮಗೆ ಸಿಕ್ಕಿರುವ ತೀರ ಹಳೆಯವುಗಳಲ್ಲಿ ಇದೂ ಒಂದು. ಅದನ್ನು ಬಿಡಿಸಿದ್ದು ನಗುವವನ ಕೈ.

ಆ ಗೋಡೆ ಬೆಳಕಿಗೆ ಬಂದ ಮರುವರ್ಷ, 1858ರ ಏಪ್ರಿಲ್ 23ರಂದು, ಗಂಗಾಮೂಲದ ಕಾಡಿನಲ್ಲಿ, ಮುಂದೆ ಪಂಡಿತಾ ರಮಾಬಾಯಿ ಎನಿಸಿದ ರಮಾ ಡೋಂಗ್ರೆ ಹುಟ್ಟಿದಳು.

2. ಚಟ್ಟದ ನಾಲ್ಕನೆಯ ಮೂಲೆ

ಗಂಗಾಮೂಲ ನಿಮ್ಮಲ್ಲಿ ಹಲವರಿಗೆ ಗೊತ್ತು. ಕುದುರೆಮುಖದ ಸಾಲಿನಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ. ರಮಾಳ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಓದಲು ಪುಣೆಗೆ ಹೋಗಿದ್ದಾಗ ಪೇಶ್ವೆಯ ಮನೆಯ ಹೆಣ್ಣುಮಗಳೊಬ್ಬಳು ಸಂಸ್ಕೃತ ಶ್ಲೋಕ ಹೇಳುವುದನ್ನು ಕೇಳಿದರು. ಅದು ಮನಸ್ಸಿಗೆ ನಾಟಿತು. ಮುಂದೆ ತಮ್ಮ ಎಳೆಯ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಊರು ಸುಮ್ಮನಿರುತ್ತದೆಯೇ? ಹೆಂಗಸಿಗೆ ದೇವಭಾಷೆ ಕಲಿಸಿದವನೆಂಬ ಆರೋಪ ಹೊತ್ತು ಅವರು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಲ್ಲಬೇಕಾಯಿತು. ಶಾಸ್ತ್ರಗಳನ್ನೇ ಆಧಾರವಾಗಿಟ್ಟು ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ರಮಾಬಾಯಿಗೆ ನಿಂದೆ ಎದುರಿಸುವ ಪಾಠ ಬಂದದ್ದು ಬೈಬಲ್ಲಿನಿಂದಲ್ಲ, ಮೊದಲು ತಂದೆಯಿಂದ. ಈ ಮಾತನ್ನು ನಾವು ಕ್ರೈಸ್ತರು ಮರೆಯಬಾರದು.

ಸಾಲದ ಹೊರೆ ಬಿದ್ದು ಮನೆ ಬಿಟ್ಟಾಗ ರಮಾಗೆ ಆರು ತಿಂಗಳು. ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಘಟ್ಟ ಇಳಿದರಂತೆ. ಆಮೇಲೆ ಊರೂರು ತಿರುಗಿ ಪುರಾಣ ಹೇಳುವುದೇ ಬದುಕು. ತಾಯಿ ಕಲಿಸಿದ ಭಾಗವತದ 18,000 ಶ್ಲೋಕ ಆ ಹುಡುಗಿಗೆ ಬಾಯಿಪಾಠವಾಯಿತು. ಬರ ಬಂದಾಗ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಕೂಲಿ ಮಾಡಲು ಜಾತಿಯ ಅಭಿಮಾನ ಅಡ್ಡ. ತಿರುಪತಿಯ ಹತ್ತಿರದ ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಕಾಡು ಖರ್ಜೂರ ತಿಂದು ಕಳೆದರು. ತಂದೆ ನೀರಿಗಿಳಿದು ಪ್ರಾಣ ಬಿಡಲು ಸಿದ್ಧರಾದರು. ಆಗ ಅಣ್ಣ ಶ್ರೀನಿವಾಸ, ಜಾತಿಯ ಹಮ್ಮು ಬಿಟ್ಟು ಕೂಲಿಗೆ ಹೋಗಿ ಎಲ್ಲರನ್ನೂ ಸಾಕುತ್ತೇನೆ ಎಂದು ತಡೆದ.

1874ರಲ್ಲಿ ತಂದೆ ಹೋದರು. ಸ್ವಲ್ಪ ದಿನಕ್ಕೆ ತಾಯಿ ಮಲಗಿದರು. ತಾಯಿಗಾಗಿ ರಮಾ ಪಕ್ಕದ ಮನೆಯ ಬಾಗಿಲಲ್ಲಿ ನಿಂತಳು. ಬೇಡಲು ನಾಲಿಗೆ ಏಳಲಿಲ್ಲ. ಮನೆಯಾಕೆಯೇ ಅರ್ಥಮಾಡಿಕೊಂಡು ಒಂದು ತುಂಡು ಸಜ್ಜೆ ರೊಟ್ಟಿ ಕೊಟ್ಟಳು. ತಂದಾಗ ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ಸತ್ತ ಮೇಲೆ ಹೆಣ ಹೊರಲು ಜಾತಿಯವರು ಬರಲಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಬಂದರು. ಅಣ್ಣನೊಬ್ಬ, ಅವರಿಬ್ಬರು; ಚಟ್ಟದ ನಾಲ್ಕನೆಯ ಮೂಲೆಗೆ ಹದಿನಾರರ ರಮಾ. ಸ್ಮಶಾನ ಮೂರು ಮೈಲಿ ದೂರ. ಆಕೆ ಗಿಡ್ಡ; ಹೆಗಲ ಮೇಲಿಟ್ಟರೆ ಚಟ್ಟ ವಾಲುತ್ತದೆ. ಹಾಗಾಗಿ ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತು ನಡೆದಳು.

ಕಷ್ಟ ಆತ್ಮವನ್ನು ಬೆಳೆಸುತ್ತದೆ ಎನ್ನುವವರು ಈ ಹುಡುಗಿಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ಆ ಬರ ರಮಾಳನ್ನು ಬೆಳೆಸಿತು ಎಂದರೆ, ಅದೇ ಬರದಲ್ಲಿ ಸತ್ತ ಅವಳ ತಂದೆ, ತಾಯಿ, ಅಕ್ಕ, ಲೆಕ್ಕವಿಲ್ಲದ ಬಡವರು, ಇವರನ್ನೆಲ್ಲ ಏನು ಮಾಡಿತು? ಕಷ್ಟಕ್ಕೆ ಅದರದೇ ಆದ ಪುಣ್ಯವಿಲ್ಲ. ಯೋಬನ ಗೆಳೆಯರು ಅವನ ಹುಣ್ಣುಗಳಿಗೆ ಕಾರಣ ಹುಡುಕಿ ಹುಡುಕಿ ಹೇಳಿದರು. ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾದದ್ದು ಗೊಣಗಿದ ಯೋಬನ ಮೇಲಲ್ಲ, ವಿವರಣೆ ಕೊಟ್ಟ ಗೆಳೆಯರ ಮೇಲೆ.

3. ಶಿಲುಬೆಯ ಮೇಲಿನ ಲ್ಯಾಟಿನ್

ಅಣ್ಣ ತಂಗಿ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಅಲೆದು 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಪರೀಕ್ಷಿಸಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಹೊಗಳಿಕೆಯ ಕಾಲ ಬಹಳ ದಿನ ಬಾಳಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಬ್ರಾಹ್ಮಣ ಹೆಣ್ಣು ಶೂದ್ರನನ್ನು ಕಟ್ಟಿಕೊಂಡಳೆಂದು ಮತ್ತೆ ನಿಂದೆ. ಸಿಲ್ಚರಿನ ಆ ಮನೆಯಲ್ಲಿ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಅವರ ಕೈಗೆ ಸಿಕ್ಕಿತು. 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನು ಒಯ್ದಿತು. ಮಗಳು ಮನೋರಮಾಗೆ ಆಗ ವರ್ಷ ತುಂಬಿರಲಿಲ್ಲ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಮರುವರ್ಷ ವೈದ್ಯಕೀಯ ಓದುವ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತ ಬಂದು ಆ ದಾರಿ ಮುಚ್ಚಿತು. ವಾಂಟೇಜಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿದ್ದಾಗ, 1883ರ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದರು. ಇತ್ತ ಮಹಾರಾಷ್ಟ್ರದಲ್ಲಿ ದ್ರೋಹಿ ಎಂಬ ಕೂಗೆದ್ದಿತು. ಬೆನ್ನಿಗೆ ನಿಂತವರಲ್ಲಿ ದೊಡ್ಡ ಹೆಸರು ಜ್ಯೋತಿರಾವ್ ಫುಲೆಯವರದು.

ಕತೆ ಇಲ್ಲಿಗೆ ಮುಗಿದಿದ್ದರೆ ನಮ್ಮ ಭಾನುವಾರ ಶಾಲೆಗೆ ಅನುಕೂಲವಾಗುತ್ತಿತ್ತು: ಹೊರಗಿನವರು ನಿಂದಿಸಿದರು, ವಿಶ್ವಾಸಿ ಸಹಿಸಿದಳು. ಆದರೆ ಎರಡನೆಯ ಸುತ್ತಿನ ನಿಂದೆ ಒಳಗಿನಿಂದಲೇ ಬಂತು. ತಾಯಿಯಂತೆ ನೋಡಿಕೊಂಡ ಸಿಸ್ಟರ್ ಜೆರಾಲ್ಡೀನ್ ಅವರಿಗೂ ರಮಾಬಾಯಿಗೂ ಪತ್ರಗಳಲ್ಲಿ ದೊಡ್ಡ ಜಗಳವೇ ನಡೆಯಿತು. ತ್ರಯೇಕತ್ವದ ಬಗ್ಗೆ ಪ್ರಶ್ನೆ ಕೇಳಿದರೆ ಅಹಂಕಾರ. ಮೊಟ್ಟೆ ಹಾಕಿದ ತಿಂಡಿ ಬೇಡವೆಂದರೆ ಬಿಡದ ಜಾತಿಬುದ್ಧಿ. ಗಂಡಸರಿಗೆ ಪಾಠ ಹೇಳಲು ಹೊರಟರೆ ಭಾರತದಲ್ಲಿದ್ದ ಬಿಷಪ್ಪರ ಆಕ್ಷೇಪ. ಪುರೋಹಿತರ ನೊಗವನ್ನು ಕಷ್ಟಪಟ್ಟು ಕಳಚಿ ಬಂದದ್ದು ಇನ್ನೊಂದು ನೊಗಕ್ಕೆ ಕತ್ತು ಕೊಡುವುದಕ್ಕಲ್ಲ ಎಂಬ ಅರ್ಥದ ಉತ್ತರ ರಮಾಬಾಯಿಯದು.

ಆ ಜಗಳದಲ್ಲಿ ಒಂದು ಚಿಕ್ಕ ವಸ್ತುವನ್ನು ನೀವು ಹತ್ತಿರದಿಂದ ನೋಡಬೇಕು: ಧರಿಸಲು ಕೊಟ್ಟ ಒಂದು ಶಿಲುಬೆ. ಅದರ ಮೇಲೆ ಲ್ಯಾಟಿನ್ ಅಕ್ಷರ. ರಮಾಬಾಯಿ ತಕರಾರು ತೆಗೆದರು. ನನಗೆ ಲ್ಯಾಟಿನ್ ತಿಳಿಯದು, ನನ್ನ ಜನಕ್ಕೂ ತಿಳಿಯದು. ನಮ್ಮ ಹಳೆಯ ಸಂಸ್ಕೃತದಲ್ಲಿ ಇಲ್ಲದ್ದು ಲ್ಯಾಟಿನ್ನಿನಲ್ಲಿ ಏನಿದೆ ಎಂದು ಕೇಳಿದರು. ಮಠದವರಿಗೆ ಇದು ಹಟವಾಗಿ ಕಂಡಿತು. ಯೋಹಾನನ ಹಲಗೆಯನ್ನು ಈಗ ನೆನಪಿಸಿಕೊಳ್ಳಿ. ಗೇಲಿ ಮಾಡಿದ ಪಿಲಾತನೇ ಅದು ಊರಿನವರ ಭಾಷೆಯಲ್ಲೂ ಇರಲಿ ಎಂದು ನೋಡಿಕೊಂಡ. ಪ್ರೀತಿಸುವವರು ಅಷ್ಟನ್ನು ಮಾಡಬಾರದೇ?

4. ಮೊರ ಯಾರ ಕೈಯಲ್ಲಿ?

ನಿಂದಕರು ಇರುವುದೇ ಒಳ್ಳೆಯದು, ಅವರು ನಮ್ಮ ಕೊಳೆ ತೊಳೆಯುತ್ತಾರೆ ಎಂಬ ಭಾವ ನಮ್ಮ ದಾಸರ ಹಾಡುಗಳಲ್ಲಿದೆ. ಲೂಕನ ಸುವಾರ್ತೆಯಲ್ಲಿ ಇದರ ಹತ್ತಿರದ ಮಾತೊಂದಿದೆ. ಕೊನೆಯ ರಾತ್ರಿ ಯೇಸು ಪೇತ್ರನಿಗೆ, ನಿಮ್ಮನ್ನು ಗೋದಿಯಂತೆ ಕೇರಲು ಸೈತಾನನು ಕೇಳಿಕೊಂಡಿದ್ದಾನೆ ಎನ್ನುತ್ತಾನೆ. ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ಬಲಪಡಿಸು ಎಂದೂ ಹೇಳುತ್ತಾನೆ. ಕಣದಲ್ಲಿ ಕೆಲಸ ಮಾಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಗಾಳಿ ಬೀಸಿದ ಮಾತ್ರಕ್ಕೆ ಕಾಳು ಬೇರೆಯಾಗುವುದಿಲ್ಲ. ಮೊರ ಹಿಡಿದವರಿಗೆ ಹದ ಗೊತ್ತಿರಬೇಕು. ಗೊತ್ತಿಲ್ಲದವರು ಕೇರಿದರೆ ಕಾಳೂ ತೂರಿಹೋಗುತ್ತದೆ.

ರಮಾಬಾಯಿ ನಿಂದೆಯನ್ನು ಕೇರಿದ ರೀತಿ ನೋಡಿ. ಲ್ಯಾಟಿನ್ನನ್ನು ಒಪ್ಪಲಿಲ್ಲ. ಬಾಯಿ ಮುಚ್ಚಿಕೊಂಡಿರಬೇಕೆಂಬ ಅಪ್ಪಣೆಯನ್ನು ಒಪ್ಪಲಿಲ್ಲ. ಕೊನೆಯವರೆಗೂ ಸಸ್ಯಾಹಾರಿಯಾಗಿಯೇ ಉಳಿದರು. ಈ ವಿಷಯಗಳಲ್ಲಿ ಬಂದ ನಿಂದೆಯೆಲ್ಲ ಹೊಟ್ಟು. ಆದರೆ ನಿನ್ನ ವಿಶ್ವಾಸ ತಲೆಯಲ್ಲಿದೆ, ಎದೆಗೆ ಇಳಿದಿಲ್ಲ ಎಂಬ ಚುಚ್ಚುಮಾತಿನಲ್ಲಿ ಒಂದು ಕಾಳಿತ್ತು. ಅದನ್ನು ಅವರು ಬಿಸಾಡಲಿಲ್ಲ. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, 1891ರ ಹೊತ್ತಿಗೆ, ತನಗೆ ಕ್ರಿಸ್ತನ ಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತ ಸಿಕ್ಕಿರಲಿಲ್ಲ ಎಂದು ಅರಿತರು. 1907ರ ತಮ್ಮ ಸಾಕ್ಷ್ಯದಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆದುಕೊಂಡರು. ಇಡೀ ದೇಶಕ್ಕೆ ಹೆಸರಾದ ವಿದುಷಿ, ವಿರೋಧಿಗಳು ಕಾದು ಕುಳಿತಿರುವಾಗ, ನನ್ನ ಮೊದಲಿನ ವಿಶ್ವಾಸ ಅರೆಬರೆಯಾಗಿತ್ತು ಎಂದು ಬರೆಯುವುದು ಸಣ್ಣ ಮಾತಲ್ಲ. ಆಧ್ಯಾತ್ಮಿಕ ಬೆಳವಣಿಗೆ ಎಂದು ನಾನು ಕರೆಯುವುದು ಇದನ್ನು: ಶತ್ರುವಿನ ಬಾಯಿಂದ ಬಂದರೂ ನಿಜವನ್ನು ನಿಜವೆನ್ನುವುದು, ಗುರುವಿನ ಬಾಯಿಂದ ಬಂದರೂ ಸುಳ್ಳನ್ನು ಸುಳ್ಳೆನ್ನುವುದು.

5. ಮುಚ್ಚದ ಬಾಗಿಲು

ಅಮೆರಿಕಕ್ಕೆ ಹೋಗಿ, 1887ರಲ್ಲಿ ಮೇಲುಜಾತಿಯ ಹಿಂದೂ ಹೆಣ್ಣಿನ ಬದುಕಿನ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದು, ಹಣ ಕೂಡಿಸಿಕೊಂಡು ಬಂದ ರಮಾಬಾಯಿ, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾದರು.

ಸದನದಲ್ಲಿ ಯಾರನ್ನೂ ಮತಕ್ಕೆ ಎಳೆಯುವುದಿಲ್ಲ ಎಂಬುದು ಒಪ್ಪಂದ. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಸತ್ಯವೇದ ಓದಿ ಪ್ರಾರ್ಥಿಸುತ್ತಿದ್ದರು. ಬಾಗಿಲು ತೆರೆದಿರುತ್ತಿತ್ತು. ಹುಡುಗಿಯರು ಕೆಲವರು ಬಂದು ಕೂರತೊಡಗಿದರು. ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರೇ ರಾಜೀನಾಮೆ ಕೊಟ್ಟರು. ಹಲವು ಹುಡುಗಿಯರನ್ನು ಮನೆಯವರು ಕರೆದೊಯ್ದರು.

ಇಲ್ಲಿ ನಾವು ನ್ಯಾಯವಾಗಿ ಮಾತಾಡಬೇಕು. ವಿರೋಧಿಸಿದವರೆಲ್ಲ ದುಷ್ಟರಾಗಿರಲಿಲ್ಲ. ನಂಬಿ ಮಗಳನ್ನು ಬಿಟ್ಟುಹೋದ ತಂದೆತಾಯಿಯ ಆತಂಕ ಸುಳ್ಳಲ್ಲ. ಮುಂದೆ ಕೆಲವರು ದೀಕ್ಷಾಸ್ನಾನ ಪಡೆದದ್ದೂ ನಿಜ. ಬೆಳಗಿದ ದೀಪಕ್ಕೆ ಬಾಗಿಲು ಮುಚ್ಚಲಾರೆ ಎಂಬ ನಿಲುವು ಎಲ್ಲಿ ಮುಗಿಯುತ್ತದೆ, ಪ್ರಭಾವ ಎಲ್ಲಿ ಶುರುವಾಗುತ್ತದೆ ಎಂಬುದು ಅಷ್ಟು ಸುಲಭದ ಪ್ರಶ್ನೆಯಲ್ಲ. ತಮ್ಮ ಮೇಲೆ ಬಂದ ಎಲ್ಲ ಟೀಕೆಯನ್ನೂ 'ಕ್ರಿಸ್ತನಿಗಾಗಿ ಹಿಂಸೆ' ಎಂದು ಲೆಕ್ಕಕ್ಕೆ ಹಾಕಿಕೊಳ್ಳುವ ಚಾಳಿ ನಮ್ಮ ಸಭೆಗಳಲ್ಲಿದೆ. ಲೆಕ್ಕಪತ್ರ ಕೇಳಿದರೂ ಹಿಂಸೆ, ಧ್ವನಿವರ್ಧಕ ತಗ್ಗಿಸಿ ಎಂದರೂ ಹಿಂಸೆ. ಪೇತ್ರನ ಮೊದಲ ಪತ್ರ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು: ತಪ್ಪು ಮಾಡಿ ಪೆಟ್ಟು ತಿಂದರೆ ಅದರಲ್ಲಿ ಏನು ಹೆಚ್ಚುಗಾರಿಕೆ ಎಂದು ಅದು ಕೇಳುತ್ತದೆ.

6. ಹಸಿವಿನ ನೆನಪು

ಪೇತ್ರನಿಗೆ ಹೇಳಿದ ಮಾತಿನ ಎರಡನೆಯ ಭಾಗ ಉಳಿದಿದೆ: ನಿನ್ನವರನ್ನು ಬಲಪಡಿಸು. 1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ಸುದ್ದಿ ಕೇಳಿದ ರಮಾಬಾಯಿಗೆ ತಮ್ಮ ಹುಡುಗಿತನದ ಹಸಿವು ನೆನಪಾಯಿತು. ಸದನದಲ್ಲಿ ಜಾಗವಿರಲಿಲ್ಲ, ಕೈಯಲ್ಲಿ ದೊಡ್ಡ ಹಣವಿರಲಿಲ್ಲ. ಆದರೂ ಹೊರಟರು. ಎಲುಬುಗೂಡಾದ ಹೆಣ್ಣುಮಕ್ಕಳನ್ನು ನೂರಾರು ಲೆಕ್ಕದಲ್ಲಿ ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧ. ಹಾಗಾಗಿ ಕೇಡಗಾವಿನ ಹೊಲದಲ್ಲಿ ನೆಲೆ ಮಾಡಿದರು. ಅದೇ ಮುಕ್ತಿ. 1900ರ ಹೊತ್ತಿಗೆ ಅಲ್ಲಿ ಎರಡು ಸಾವಿರದ ಆಸುಪಾಸು ಜನ. ದಾರಿತಪ್ಪಿದವರೆಂದು ಊರು ಹೊರಹಾಕಿದ ಹೆಣ್ಣುಗಳಿಗೆ ಕೃಪಾ ಸದನ, ಮುದುಕಿಯರಿಗೆ ಪ್ರೀತಿ ಸದನ, ಕುರುಡಿಯರಿಗೆ ಬಾರ್ತಿಮಿ ಸದನ. ನೇಯ್ಗೆ, ಎಣ್ಣೆಗಾಣ, ಹೈನು, ಅಚ್ಚುಕೂಟ, ಎಲ್ಲ ಹೆಂಗಸರ ಕೈಯಲ್ಲಿ. ಮುಂದೆ ಕಲಬುರಗಿಯಲ್ಲೂ ಒಂದು ಶಾಲೆ ತೆರೆದು ಅದರ ಹೊಣೆಯನ್ನು ಮಗಳು ಮನೋರಮಾಗೆ ಒಪ್ಪಿಸಿದರು.

ಬರದಿಂದ ಬಂದ ಹುಡುಗಿಯರಿಗೆ ರಮಾಬಾಯಿ ಹಸಿವಿನ ಮಹಿಮೆ ಬೋಧಿಸಲಿಲ್ಲ. ಮೊದಲು ಊಟ, ಬಟ್ಟೆ, ಔಷಧಿ. ತಾವು ಪಟ್ಟ ಕಷ್ಟಕ್ಕೆ ಅರ್ಥ ಕಂಡುಕೊಳ್ಳುವ ಹಕ್ಕು ಪಟ್ಟವರಿಗೆ ಮಾತ್ರ ಇದೆ. ಇನ್ನೊಬ್ಬರ ಕಷ್ಟದ ಮುಂದೆ ನಮಗಿರುವುದು ಕರ್ತವ್ಯ. ಪೌಲ ತನ್ನ ಮೈಯಲ್ಲಿ ನಾಟಿದ ಮುಳ್ಳಿನ ಬಗ್ಗೆ ಮೂರು ಸಲ ಪ್ರಾರ್ಥಿಸಿದ. ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು. ಆ ಉತ್ತರ ಬಂದದ್ದು ಪೌಲನಿಗೆ. ಪಕ್ಕದ ಮನೆಯವನ ಮುಳ್ಳು ಕೀಳದಿರಲು ನಾವು ಅದನ್ನು ನೆಪ ಮಾಡಿಕೊಳ್ಳುವಂತಿಲ್ಲ.

ಮುಕ್ತಿಯಲ್ಲೂ ಗೇಲಿ ತಪ್ಪಲಿಲ್ಲ. 1905ರ ಉಜ್ಜೀವನದಲ್ಲಿ ಹುಡುಗಿಯರು ಒಟ್ಟಾಗಿ ಗಟ್ಟಿಯಾಗಿ ಅತ್ತು ಪ್ರಾರ್ಥಿಸಿದಾಗ ಕೆಲವು ಮಿಷನರಿಗಳೇ ಮೂಗು ಮುರಿದರು. ರಮಾಬಾಯಿ ಆ ಹೊತ್ತಿಗೆ ಇನ್ನೊಂದು ಕೆಲಸ ಹಿಡಿದಿದ್ದರು. ಹಳ್ಳಿಯ ಹೆಂಗಸಿಗೆ ಅರ್ಥವಾಗುವ ಮರಾಠಿಯಲ್ಲಿ ಸತ್ಯವೇದ ಬರಬೇಕು. ಅದಕ್ಕಾಗಿ ನಡುವಯಸ್ಸು ದಾಟಿದ ಮೇಲೆ ಇಬ್ರಿಯ ಮತ್ತು ಗ್ರೀಕ್ ಕಲಿತರು. ಅನುವಾದಕ್ಕೆ ಸುಮಾರು ಹದಿನೆಂಟು ವರ್ಷ ಹಿಡಿಯಿತು. ಅಚ್ಚಿನ ಮೊಳೆ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. 1921ರಲ್ಲಿ ಮನೋರಮಾ ತೀರಿಕೊಂಡರು. ತಾಯಿ ಕೆಲಸ ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚುವ ಹೊತ್ತಿಗೆ ಅನುವಾದ ಮುಗಿದಿತ್ತು.

ಪಿಲಾತನ ಹಲಗೆಯ ಮೂರು ಭಾಷೆಗಳಲ್ಲಿ ಎರಡನ್ನು ಅವರು ಕಲಿತರು. ಶಿಲುಬೆಯ ಮೇಲೆ ಇದ್ದ ಮೂರನೆಯದರ ಜಾಗದಲ್ಲಿ ತಮ್ಮ ಜನರ ಮಾತನ್ನು ಇಟ್ಟರು. ನಗುವವರು ಬರೆದ ಹಲಗೆಗೆ ಅವರು ಕೊಟ್ಟ ಉತ್ತರ ಅದು.

7. ಕೊನೆಯ ಮಾತು

ವಿದ್ಯಾರ್ಥಿಗಳೇ, ನೀವು ಯಾವ ಧರ್ಮದವರಾದರೂ ಸರಿ, ನಂಬಿದ್ದಕ್ಕಾಗಿ ಯಾರಾದರೂ ನಕ್ಕರೆ ಮೊದಲು ಮೊರ ಕೈಗೆತ್ತಿಕೊಳ್ಳಿ. ಕಾಳಿದ್ದರೆ ಇಟ್ಟುಕೊಳ್ಳಿ, ಹೊಟ್ಟಿನ ಜೊತೆ ಜಗಳವಾಡಬೇಡಿ. ನೀವೇ ನಗುವ ಗುಂಪಿನಲ್ಲಿದ್ದರೆ ಪ್ಯಾಲಟೈನ್ ಗೋಡೆಯನ್ನು ನೆನೆಯಿರಿ. ಗೀಚಿದವನ ಹೆಸರು ಯಾರಿಗೂ ಗೊತ್ತಿಲ್ಲ, ಅಲೆಕ್ಸಾಮೆನೋಸನ ಹೆಸರು ಉಳಿದಿದೆ.

ಸಭೆಯ ಹಿರಿಯರಲ್ಲಿ ನನ್ನದು ಒಂದೇ ಬಿನ್ನಹ. ಈ ವಾರ ಕಷ್ಟದಲ್ಲಿರುವ ಒಂದು ಮನೆಗೆ ಹೋಗಿ. ದೇವರ ಪರೀಕ್ಷೆಯ ಮಾತು ಎತ್ತಬೇಡಿ. ರಮಾಳ ಪಕ್ಕದ ಮನೆಯಾಕೆ ಆ ಹುಡುಗಿಯನ್ನು ಬೇಡುವವರೆಗೂ ಕಾಯಿಸಲಿಲ್ಲ, ರೊಟ್ಟಿ ಕೊಟ್ಟಳು. ನೀವೂ ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೋಗಿ, ತಡಮಾಡಬೇಡಿ.